ಗಾಳಿಯ ಪಂಚಾಂಗ: ಮಂಗಳೂರು ಬಂದರು ಮತ್ತು ಹಾಯಿಹಡಗಿನ ಪಯಣ

ಮಂಗಳೂರಿನ ಹಳೆ ಬಂದರಿಗೆ ವರ್ಷಕ್ಕೊಮ್ಮೆ ದೀರ್ಘ ಬಿಡುವು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸಿನ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳು ನಿಲ್ಲುತ್ತವೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳ ಓಡಾಟವೂ ಮುಗಿಯುತ್ತ ಬರುತ್ತದೆ. ಮಳೆಗಾಲವಿಡೀ ದಕ್ಕೆಯಲ್ಲಿ ಕಟ್ಟಿಹಾಕಿದ ಈ ಮರದ ಹಡಗುಗಳು ಮತ್ತೆ ಅಳಿವೆಬಾಗಿಲು ದಾಟುವುದು ಸೆಪ್ಟೆಂಬರಿನ ನಂತರ. ಈಗ ಅವುಗಳ ಹೊಟ್ಟೆಯಲ್ಲಿ ಡೀಸೆಲ್ ಎಂಜಿನ್ ಇದೆ. ಆದರೂ ಅವು ಪಾಲಿಸುತ್ತಿರುವುದು ಹಾಯಿಯ ಕಾಲದ ಪಂಚಾಂಗವನ್ನೇ.

ಆ ಪಂಚಾಂಗ ಬರೆದದ್ದು ಗಾಳಿ. ಹಡಗು ಯಾವ ತಿಂಗಳು ಹೊರಡಬೇಕು, ಯಾವ ಗಂಟೆಗೆ ಲಂಗರು ಎತ್ತಬೇಕು, ಎಷ್ಟು ದಿನ ಪಯಣಿಸಬೇಕು, ಹೊಟ್ಟೆಯಲ್ಲಿ ಯಾವ ಸರಕು ತುಂಬಬೇಕು ಎಂಬುದೆಲ್ಲ ಗಾಳಿಯನ್ನು ನೋಡಿಯೇ ತೀರ್ಮಾನವಾಗುತ್ತಿತ್ತು. ಇಂದು ಪ್ರವಾಸಕ್ಕೆಂದೋ ತರಬೇತಿಗೆಂದೋ ಎತ್ತರದ ಕೂವೆಮರಗಳ ಹಡಗು ಹತ್ತುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಹಾಯಿಹಡಗಿನ ಪಯಣವನ್ನು ಅರಿಯಬೇಕಾದರೆ ಮೊದಲು ಗಾಳಿಯನ್ನು, ಆಮೇಲೆ ಹಾಯಿಯನ್ನು, ಕೊನೆಗೆ ಹಡಗಿನ ಒಡಲನ್ನು ಅರಿಯಬೇಕು.

ವರ್ಷದ ಗಾಳಿ

ಅರಬ್ಬಿ ಸಮುದ್ರದ ಮೇಲೆ ಗಾಳಿ ವರ್ಷಕ್ಕೆರಡು ಬಾರಿ ದಿಕ್ಕು ಬದಲಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ, ನವೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ. ಬೇಸಿಗೆಯಲ್ಲಿ ಏಷ್ಯಾದ ನೆಲ ಕಾದು ಅದರ ಮೇಲಿನ ಗಾಳಿ ಹಗುರವಾಗಿ ಏರುತ್ತದೆ. ಆ ಜಾಗ ತುಂಬಲು ಭೂಮಧ್ಯರೇಖೆಯ ದಕ್ಷಿಣದಿಂದ ಗಾಳಿ ಹರಿದುಬರುತ್ತದೆ. ತಿರುಗುವ ಭೂಮಿಯ ಮೇಲೆ ಚಲಿಸುವ ಗಾಳಿ ಉತ್ತರಾರ್ಧಗೋಳದಲ್ಲಿ ತನ್ನ ಬಲಕ್ಕೆ ವಾಲುತ್ತದೆ. ಹಾಗಾಗಿ ಆಗ್ನೇಯದಿಂದ ಹೊರಟ ಗಾಳಿ ಭೂಮಧ್ಯರೇಖೆ ದಾಟಿದ ಮೇಲೆ ಬಾಗಿ, ನೈಋತ್ಯದ ಗಾಳಿಯಾಗಿ ನಮ್ಮ ಕರಾವಳಿಗೆ ಬಡಿಯುತ್ತದೆ. ಪೂರ್ವ ಆಫ್ರಿಕದ ಎತ್ತರದ ನೆಲ ಈ ಹರಿವಿಗೆ ಗೋಡೆಯಂತೆ ಅಡ್ಡನಿಂತು ಅದನ್ನು ಕಿರಿದಾದ ಪಟ್ಟಿಯಾಗಿ ಒತ್ತುತ್ತದೆ. ನೆಲದಿಂದ ಒಂದು–ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ರಭಸದಿಂದ ಓಡುವ ಈ ಪ್ರವಾಹವನ್ನು 1969ರಲ್ಲಿ ಬ್ರಿಟಿಷ್ ಹವಾಮಾನ ವಿಜ್ಞಾನಿ ಫಿಂಡ್ಲೇಟರ್ ವಿವರವಾಗಿ ಗುರುತಿಸಿದರು. ಸೊಮಾಲಿ ಜೆಟ್ ಎಂಬ ಹೆಸರು ಅದಕ್ಕೇ.

ಚಳಿಗಾಲದಲ್ಲಿ ಎಲ್ಲವೂ ತಿರುಗುಮುರುಗು. ನೆಲ ತಣಿಯುತ್ತದೆ, ಸಮುದ್ರ ಬೆಚ್ಚಗೇ ಉಳಿಯುತ್ತದೆ, ಗಾಳಿ ಏಷ್ಯಾದಿಂದ ಸಮುದ್ರದ ಕಡೆಗೆ ಹರಿಯುತ್ತದೆ. ಈಶಾನ್ಯದ ಈ ಗಾಳಿ ನೈಋತ್ಯದ ಗಾಳಿಗಿಂತ ಬಹಳ ಸೌಮ್ಯ. ಒಟ್ಟಿನಲ್ಲಿ ಅರೇಬಿಯ ಮತ್ತು ಆಫ್ರಿಕದಿಂದ ಬರಲು ಒಂದು ಗಾಳಿ, ಮರಳಲು ಇನ್ನೊಂದು. ಒಂದೇ ದಾರಿಯಲ್ಲಿ ಹೋಗಿಬರಲು ಎರಡೂ ಕಡೆಗೆ ಗಾಳಿ ಸಿಗುವ ಇಂಥ ಅನುಕೂಲ ಜಗತ್ತಿನ ಸಮುದ್ರಗಳಲ್ಲಿ ಅಪರೂಪ.

ಈ ಗುಟ್ಟನ್ನು ನಾವಿಕರು ಎರಡು ಸಾವಿರ ವರ್ಷಗಳ ಹಿಂದೆಯೇ ಬಲ್ಲವರಾಗಿದ್ದರು. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ಕೆಂಪು ಸಮುದ್ರದ ಬಾಯಿಯಿಂದ ಮುಂಗಾರು ಗಾಳಿ ಹಿಡಿದು ಹೊರಟ ಹಡಗು 40 ದಿನಗಳಲ್ಲಿ ಕೇರಳದ ಮುಜಿರಿಸ್ ತಲುಪುತ್ತದೆ ಎಂದೂ, ಡಿಸೆಂಬರ್ ಇಲ್ಲವೇ ಜನವರಿಯ ಮೊದಲ ಭಾಗದಲ್ಲಿ ಮರಳಬೇಕೆಂದೂ ಬರೆದಿದ್ದಾನೆ. ಆರನೆಯ ಶತಮಾನದ ಕಾಸ್ಮಾಸ್ ಮೆಣಸು ಸಿಗುವ ಐದು ಬಂದರುಗಳ ಪಟ್ಟಿಯಲ್ಲಿ ‘ಮಂಗರೂತ್’ ಎಂಬ ಹೆಸರನ್ನು ಸೇರಿಸಿದ್ದಾನೆ. ಅದು ಮಂಗಳೂರೆಂದೇ ಗುರುತಿಸಲಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಶಿಯ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಹದಿನೇಳು ವರ್ಷಗಳ ಕಾಲ ಮಂಗಳೂರಿನಲ್ಲಿ ನೆಲೆಸಿ ಏಡನ್ನಿನೊಂದಿಗೆ ವ್ಯಾಪಾರ ನಡೆಸಿದ. ಕೈರೋದ ಹಳೆಯ ಯಹೂದಿ ಮಂದಿರದಲ್ಲಿ ಸಿಕ್ಕ ಅವನ ಕಾಗದಪತ್ರಗಳಲ್ಲಿ ಬೊಮ್ಮ ಎಂಬ ತುಳುನಾಡಿನ ಆಳು ಏಡನ್ನಿಗೆ ಹೋಗಿಬಂದ ಸಂಗತಿಯೂ ಇದೆ. ಅಂಥ ಪತ್ರಗಳು ಸಮುದ್ರ ದಾಟುತ್ತಿದ್ದದ್ದು ಗಾಳಿಯ ಕಾಲಕ್ಕೆ ತಕ್ಕಂತೆ. ಒಂದು ಋತು ತಪ್ಪಿದರೆ ಉತ್ತರ ಬರುವುದು ಇನ್ನೊಂದು ವರ್ಷಕ್ಕೆ.

ಋತು ತಪ್ಪಿದವರ ಪಾಡು ಎಂಥದ್ದೆಂಬುದಕ್ಕೆ ಎರಡು ದಾಖಲೆಗಳು ಸಾಕು. ವಿಜಯನಗರಕ್ಕೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್, ಹೊರಡುವ ಸರಿಯಾದ ಕಾಲ ಕಳೆದುಹೋಗುವವರೆಗೆ ಹೋರ್ಮುಜಿನಲ್ಲಿ ಉಳಿಯಬೇಕಾಯಿತು. ಆಮೇಲೆ ಅರೇಬಿಯದ ತೀರದಲ್ಲಿ ಬಿಸಿಲು, ಜ್ವರಗಳಲ್ಲಿ ನರಳಿದ. ಕೊನೆಗೆ ಅನುಕೂಲದ ಗಾಳಿ ಸಿಕ್ಕಾಗ 18 ದಿನಗಳಲ್ಲಿ ಕಲ್ಲಿಕೋಟೆ ಮುಟ್ಟಿ, 1443ರಲ್ಲಿ ಮಂಗಳೂರಿಗೆ ಬಂದಿಳಿದು ಘಟ್ಟ ಹತ್ತಿದ. ವಾಸ್ಕೋ ಡ ಗಾಮನ ಕತೆ ಇನ್ನೂ ಕಠಿಣ. 1498ರ ಏಪ್ರಿಲ್–ಮೇ ತಿಂಗಳಲ್ಲಿ ಆಫ್ರಿಕದ ಮಾಲಿಂದಿಯಿಂದ ಮಲಬಾರಿಗೆ ಅವನಿಗೆ ಹಿಡಿದದ್ದು 23 ದಿನ. ಮರಳುವಾಗ ಈಶಾನ್ಯದ ಗಾಳಿ ನೆಲೆಗೊಳ್ಳುವವರೆಗೆ ಕಾಯದೆ, ಅಕ್ಟೋಬರ್ ಮೊದಲ ವಾರದಲ್ಲೇ ಕಾರವಾರದ ಬಳಿಯ ಅಂಜದೀವ್ ದ್ವೀಪದಿಂದ ಹೊರಟ. ಗಾಳಿ ಒಮ್ಮೆ ಸತ್ತಿತು, ಒಮ್ಮೆ ಎದುರಾಯಿತು. ಅದೇ ಸಮುದ್ರ ದಾಟಲು ಸುಮಾರು ಮೂರು ತಿಂಗಳು ಬೇಕಾಯಿತು. ತಾಜಾ ಹಣ್ಣು ತರಕಾರಿ ಇಲ್ಲದೆ ಸಿ ಜೀವಸತ್ವ ಬರಿದಾಗಿ, ವಸಡು ಬಾತು ರಕ್ತ ಸೋರುವ ಸ್ಕರ್ವಿ ರೋಗದಿಂದ ಆ ಒಂದು ದಾಟುವಿಕೆಯಲ್ಲೇ ಸುಮಾರು 30 ಮಂದಿ ಸತ್ತರು.

ದಿನದ ಗಾಳಿ

ಕರಾವಳಿಯುದ್ದಕ್ಕೂ ಹೋಗುವ ಹಡಗಿಗೆ ವರ್ಷದ ಗಾಳಿಯಷ್ಟೇ ಮುಖ್ಯವಾದದ್ದು ದಿನದ ಗಾಳಿ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖ, ಅಷ್ಟೇ ತೂಕದ ಒಣ ಮಣ್ಣಿಗೆ ಬೇಕಾಗುವುದಕ್ಕಿಂತ ಹಲವು ಪಟ್ಟು ಹೆಚ್ಚು. ಮೇಲಾಗಿ ಬಿಸಿಲಿನ ಶಾಖ ಸಮುದ್ರದಲ್ಲಿ ಆಳಕ್ಕೆ ಬೆರೆತುಹೋಗುತ್ತದೆ, ನೆಲದಲ್ಲಿ ಮೇಲ್ಪದರದಲ್ಲೇ ಉಳಿಯುತ್ತದೆ. ಆದ್ದರಿಂದ ಹಗಲಲ್ಲಿ ನೆಲ ಬೇಗ ಕಾಯುತ್ತದೆ, ಇರುಳಲ್ಲಿ ಬೇಗ ತಣಿಯುತ್ತದೆ. ನಡುಹಗಲ ನಂತರ ಸಮುದ್ರದಿಂದ ನೆಲಕ್ಕೆ ಪಡುಗಾಳಿ ಬೀಸುತ್ತದೆ. ರಾತ್ರಿ ಕಳೆದು ಬೆಳಗಿನ ಜಾವದ ಹೊತ್ತಿಗೆ ನೆಲದಿಂದ ಸಮುದ್ರಕ್ಕೆ ಮೂಡುಗಾಳಿ ಹರಿಯುತ್ತದೆ. ಮಳೆಗಾಲದಲ್ಲಿ ಮುಂಗಾರಿನ ಆರ್ಭಟದ ಕೆಳಗೆ ಮುಚ್ಚಿಹೋಗುವ ಈ ಉಸಿರಾಟ ನವೆಂಬರ್‌ನಿಂದ ಮಾರ್ಚ್‌ವರೆಗೆ ಸ್ಪಷ್ಟವಾಗಿ ಕಾಣುತ್ತದೆ.

ಮಂಗಳೂರು, ಮಲ್ಪೆ, ಗಂಗೊಳ್ಳಿಯ ಮೊಗವೀರರು ಹಾಯಿದೋಣಿಗಳಲ್ಲಿ ಮೀನಿಗೆ ಹೋಗುತ್ತಿದ್ದಾಗ ಈ ಎರಡು ಗಾಳಿಗಳೇ ಅವರ ಗಡಿಯಾರ. ನಸುಕಿನ ಮೂಡುಗಾಳಿಗೆ ಹಾಯಿ ಬಿಚ್ಚಿ ಹೊರಗೆ, ಮಧ್ಯಾಹ್ನದ ಪಡುಗಾಳಿಗೆ ದಡಕ್ಕೆ. ಮುಂಬಯಿಗೆ ಹೋಗುವ ಮಂಜಿ, ಪತ್ತೆಮಾರಿ ಎಂಬ ಸರಕಿನ ಹಾಯಿಹಡಗುಗಳಿಗೂ ಇದೇ ಉಪಾಯ ಬೇಕಿತ್ತು. ಬೇಸಗೆಯ ಹಗಲುಗಳಲ್ಲಿ ಕರಾವಳಿಯ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುವುದರಿಂದ ಉತ್ತರಕ್ಕೆ ಹೋಗುವವರಿಗೆ ಅದು ಎದುರುಗಾಳಿ. ರಾತ್ರಿಯ ನೆಲದ ಗಾಳಿಯಾದರೋ ಬಲಬದಿಯಿಂದ ಬಂದು ದೂಡುತ್ತದೆ. ತೀರಕ್ಕೆ ಹತ್ತಿರವೇ ಇದ್ದು, ರಾತ್ರಿಯ ಗಾಳಿಯನ್ನು ಕೊನೆಯ ಗಳಿಗೆಯವರೆಗೂ ಬಳಸಿಕೊಳ್ಳುವ ತಂಡೇಲನೇ, ಅಂದರೆ ಹಡಗಿನ ಮುಖ್ಯಸ್ಥನೇ, ಬೇಗ ಮುಟ್ಟುತ್ತಿದ್ದ. ದಕ್ಷಿಣಕ್ಕೆ ಮರಳುವಾಗ ಹಗಲಿನ ಅದೇ ವಾಯವ್ಯದ ಗಾಳಿ ಬೆನ್ನಿಗಿರುತ್ತಿತ್ತು.

ಹಾಯಿ ಹೇಗೆ ಎಳೆಯುತ್ತದೆ

ಹಿಂದಿನಿಂದ ಬೀಸುವ ಗಾಳಿ ಹಡಗನ್ನು ಮುಂದೆ ದೂಡುತ್ತದೆ ಎಂಬುದು ಯಾರಿಗಾದರೂ ತಿಳಿಯುವ ಮಾತು. ಬದಿಯಿಂದ ಬೀಸುವ ಗಾಳಿಯೂ ಹಡಗನ್ನು ಮುಂದಕ್ಕೇ ಒಯ್ಯುತ್ತದೆ ಎಂಬುದರಲ್ಲಿ ಹಾಯಿಯ ನಿಜವಾದ ಕೌಶಲವಿದೆ. ಗಾಳಿಗೆ ಓರೆಯಾಗಿ ಹಿಡಿದ ಹಾಯಿ ಉಬ್ಬಿ ಬಾಗುತ್ತದೆ. ಅದರ ಉಬ್ಬಿದ ಬೆನ್ನಿನ ಮೇಲೆ ಗಾಳಿ ವೇಗವಾಗಿ ಹರಿದು ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಒಳಮೈಯಲ್ಲಿ ಒತ್ತಡ ಹೆಚ್ಚಿರುತ್ತದೆ. ಹಾಯಿ ಗಾಳಿಯ ದಾರಿಯನ್ನು ತಿರುಗಿಸುತ್ತದೆ, ಗಾಳಿ ಅದಕ್ಕೆ ಪ್ರತಿಯಾಗಿ ಹಾಯಿಯನ್ನು ಒತ್ತುತ್ತದೆ. ವಿಮಾನದ ರೆಕ್ಕೆಯನ್ನು ಎತ್ತಿಹಿಡಿಯುವ ಬಲವೂ ಇದೇ. ಇಲ್ಲಿ ರೆಕ್ಕೆ ನೆಟ್ಟಗೆ ನಿಂತಿದೆ ಅಷ್ಟೆ.

ಆದರೆ ಈ ಬಲದ ಹೆಚ್ಚಿನ ಪಾಲು ಹಡಗನ್ನು ಪಕ್ಕಕ್ಕೆ ತಳ್ಳುತ್ತದೆ. ಅದನ್ನು ತಡೆಯುವುದು ನೀರಿನೊಳಗಿನ ಒಡಲು. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಎಂಟುನೂರು ಪಟ್ಟಿಗೂ ಹೆಚ್ಚು. ಉದ್ದವಾದ ಒಡಲು ಮತ್ತು ತಳದ ಉದ್ದಕ್ಕೂ ಚಾಚಿದ ಏರಾಮರ ನೀರನ್ನು ಸೀಳಿ ಮುಂದೆ ಸುಲಭವಾಗಿ ಸಾಗುತ್ತವೆ, ಅಡ್ಡಕ್ಕೆ ಸರಿಯಲು ಒಪ್ಪುವುದಿಲ್ಲ. ಲೋಳೆ ಹತ್ತಿದ ಹಲಸಿನ ಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿದಾಗ ಅದು ಮುಂದಕ್ಕೆ ಚಿಮ್ಮುವಂತೆ, ಗಾಳಿ ಮತ್ತು ನೀರಿನ ಒತ್ತಡಗಳ ನಡುವೆ ಸಿಕ್ಕ ಹಡಗು ಮುಂದಕ್ಕೆ ಜಾರುತ್ತದೆ. ಗಾಳಿ ಮಾತ್ರ ಇದ್ದರೆ ಹಾಯಿ ಬಲೂನಿನ ಹಾಗೆ ತೇಲಿಹೋಗಬಹುದಷ್ಟೇ. ಗಾಳಿ ಮತ್ತು ನೀರು ಬೇರೆ ಬೇರೆ ವೇಗದಲ್ಲಿರುವುದರಿಂದಲೇ ಹಡಗು ತನಗೆ ಬೇಕಾದ ದಿಕ್ಕನ್ನು ಆರಿಸಿಕೊಳ್ಳಬಲ್ಲದು.

ಬಲದ ಲೆಕ್ಕವನ್ನು ಸುಲಭವಾಗಿ ಹಾಕಬಹುದು. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಒಂದು ಚದರ ಮೀಟರಿನ ಮೇಲೆ ಸುಮಾರು 15 ನ್ಯೂಟನ್, 10 ಮೀಟರ್ ವೇಗದಲ್ಲಿ 60, 20 ಮೀಟರ್ ವೇಗದಲ್ಲಿ 240. ಗಾಳಿ ಇಮ್ಮಡಿಯಾದರೆ ಬಲ ನಾಲ್ಮಡಿ. ಸೌಮ್ಯ ಗಾಳಿಗೆ ಎಲ್ಲ ಹಾಯಿ ಬಿಚ್ಚುವುದು, ಗಾಳಿ ಏರಿದಂತೆ ಒಂದೊಂದಾಗಿ ಇಳಿಸಿ ಸುತ್ತುವುದು ಇದೇ ಕಾರಣಕ್ಕೆ. ಭಾರತೀಯ ನೌಕಾಪಡೆಯ ತರಬೇತಿ ಹಡಗು ತರಂಗಿಣಿಯಲ್ಲಿ ಒಟ್ಟು ಸುಮಾರು 960 ಚದರ ಮೀಟರ್ ಹಾಯಿಬಟ್ಟೆಯಿದೆ. ಸೆಕೆಂಡಿಗೆ 10 ಮೀಟರ್ ಗಾಳಿಯಲ್ಲಿ ಅದರ ಮೇಲೆ ಬೀಳುವ ಬಲ ಸುಮಾರು 6 ಟನ್ ಭಾರಕ್ಕೆ ಸಮ.

ಎದುರುಗಾಳಿಯನ್ನು ದಾಟುವುದು

ನೇರ ಎದುರುಗಾಳಿಗೆ ಯಾವ ಹಾಯಿಹಡಗೂ ಸಾಗದು. ಸ್ವಲ್ಪ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಂಕುಡೊಂಕಾಗಿ ಹೋಗಬೇಕು. ಎಷ್ಟು ಓರೆ ಎಂಬುದು ಹಾಯಿಯ ಆಕಾರಕ್ಕೆ ಬಿಟ್ಟದ್ದು. ಯುರೋಪಿನ ದೊಡ್ಡ ಹಡಗುಗಳ ಚೌಕ ಹಾಯಿ ಹಿಂಗಾಳಿಗೆ ಹೇಳಿ ಮಾಡಿಸಿದ್ದು; ಗಾಳಿಯ ದಿಕ್ಕಿನಿಂದ ಸುಮಾರು 60 ಡಿಗ್ರಿಗಿಂತ ಹತ್ತಿರ ಅದು ಹೋಗಲಾರದು. ಆ ಕೋನದಲ್ಲಿ 100 ಮೈಲಿ ಎದುರಿಗೆ ಸಾಗಬೇಕಾದರೆ ನೀರಿನಲ್ಲಿ 200 ಮೈಲಿ ಓಡಬೇಕು. ಪಕ್ಕಕ್ಕೆ ಜಾರಿದ್ದನ್ನು ಸೇರಿಸಿದರೆ ಇನ್ನೂ ಹೆಚ್ಚು. ಅಲೆಯೂ ಎದುರಾಗಿದ್ದರೆ ದಿನವಿಡೀ ಓಡಿ ನಿಂತಲ್ಲೇ ನಿಂತಂತಾಗುವುದೂ ಉಂಟು.

ಅರಬ್ಬಿ ಸಮುದ್ರದ ಹಡಗುಗಳು ಬಳಸಿದ್ದು ಓರೆಹಾಯಿ. ತುಸು ಮುಂದಕ್ಕೆ ವಾಲಿದ ಗಿಡ್ಡ ಕೂವೆಮರ, ಅದಕ್ಕೆ ಓರೆಯಾಗಿ ಏರಿಸಿದ ತುಂಬ ಉದ್ದದ ಅಡ್ಡಮರ, ಅದರಿಂದ ಇಳಿಬಿದ್ದ ಮುಮ್ಮೂಲೆಯ ಅಥವಾ ಮುಂದಿನ ಮೂಲೆ ಕತ್ತರಿಸಿದಂಥ ಹಾಯಿ. ಅಡ್ಡಮರದ ಮುಂದಿನ ಅಂಚು ಗಾಳಿಯನ್ನು ಸೀಳುವುದರಿಂದ ಬದಿಗಾಳಿಯಲ್ಲಿ ಇದು ಚೌಕ ಹಾಯಿಗಿಂತ ಚುರುಕು. ಆದರೆ ದಿಕ್ಕು ಬದಲಿಸುವಾಗ ಇದರ ಕಷ್ಟ ಬೇರೆ. ಗಾಳಿ ಇನ್ನೊಂದು ಬದಿಯಿಂದ ಬರುವಂತೆ ಮಾಡಬೇಕಾದರೆ ಇಡೀ ಅಡ್ಡಮರವನ್ನೇ ಕೂವೆಯ ಮುಂದಿನಿಂದ ಆಚೆ ಬದಿಗೆ ಸಾಗಿಸಬೇಕು. ಚುಕ್ಕಾಣಿಯವನು ಹಡಗಿನ ಹಿಂಭಾಗವನ್ನು ನಿಧಾನವಾಗಿ ಗಾಳಿಗೆ ತಿರುಗಿಸುತ್ತಾನೆ. ಖಲಾಸಿಗಳು ಹಾಯಿಯ ಹಿಂದಿನ ಹಗ್ಗ ಬಿಡುತ್ತಾರೆ, ಬಟ್ಟೆ ಮುಂದಕ್ಕೆ ಹಾರಿ ಪಟಪಟಿಸುತ್ತದೆ. ಅಡ್ಡಮರದ ಕೆಳತುದಿಯನ್ನು ಕೂವೆಯ ಬುಡಕ್ಕೆ ಎಳೆದು ಮರವನ್ನು ನೆಟ್ಟಗೆ ನಿಲ್ಲಿಸಿ, ಸುತ್ತಿ ಆಚೆಗೆ ದಾಟಿಸಿ, ಹಗ್ಗವನ್ನು ಹೊಸ ಬದಿಯಲ್ಲಿ ಬಿಗಿಯುತ್ತಾರೆ. ಬಿರುಗಾಳಿಯಲ್ಲಿ ಒಂದು ಹಗ್ಗ ಕೈಜಾರಿದರೂ ಆ ಮರ ಆಳನ್ನು ಹೊಡೆದು ಕೆಡವಬಲ್ಲದು. ಪದೇ ಪದೇ ತಿರುಗಬೇಕಾಗದಂತೆ ಗಾಳಿಯ ಋತುವನ್ನೇ ಕಾದು ಹೊರಡುವ ಪದ್ಧತಿಗೆ ಇದೂ ಒಂದು ಕಾರಣ.

ಮುಂಗಾರಿನಲ್ಲಿ ಬಂದರು ಮುಚ್ಚುವುದರ ಹಿಂದಿನ ತರ್ಕವೂ ಇಲ್ಲಿಯೇ ಇದೆ. ಆಗ ಗಾಳಿ ಸಮುದ್ರದಿಂದ ನೇರ ದಡದ ಕಡೆಗೆ ಬೀಸುತ್ತದೆ. ಹಾಯಿ ಹರಿದರೆ, ಕೂವೆ ಮುರಿದರೆ ಹಡಗು ಬಂದು ಬೀಳುವುದು ನೆಲದ ಮೇಲೆಯೇ, ತಪ್ಪಿಸಿಕೊಳ್ಳಲು ಜಾಗವಿಲ್ಲ. ಅಳಿವೆಯ ಬಾಯಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಅಲೆ ತಲೆಕೆಳಗಾಗಿ ಒಡೆಯುತ್ತದೆ. ಮೂರು ಮೀಟರ್ ಅಲೆ ನಾಲ್ಕು ಮೀಟರ್ ಆಳದಲ್ಲೇ ಒಡೆಯುತ್ತದೆ. ನೇತ್ರಾವತಿ, ಗುರುಪುರ ನದಿಗಳು ತಂದು ಸುರಿದ ಮರಳಿನ ದಿಣ್ಣೆ ಅಳಿವೆಯಲ್ಲಿ ಕಟ್ಟಿಕೊಂಡಾಗ ಒಳಬರುವ ದಾರಿಯೇ ಒಡೆಯುವ ಅಲೆಗಳ ಸಾಲಾಗುತ್ತದೆ. ಮಳೆ ತಗ್ಗಿ ಶ್ರಾವಣದ ನೂಲಹುಣ್ಣಿಮೆ ಬಂದಾಗ ಮೊಗವೀರರು ತಣ್ಣೀರುಬಾವಿಯ ಕಡಲತೀರದಲ್ಲಿ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುವುದು ಈ ಅಪಾಯದ ಕಾಲ ಮುಗಿಯುತ್ತ ಬಂತೆಂಬುದರ ಗುರುತು.

ಒಡಲು, ತೂಕ, ಹೊಯ್ದಾಟ

ಹಾಯಿಹಡಗಿಗೆ ಬೇಕಾದ ಮರವೆಲ್ಲ ಮಂಗಳೂರಿನ ಬೆನ್ನಿಗಿರುವ ಘಟ್ಟದಲ್ಲಿತ್ತು. ಹಲಗೆಗೆ ಸಾಗುವಾನಿ, ಹಲಸು, ಬೋಗಿ. ಕೂವೆಗೆ ಕೊಂಬೆಯಿಲ್ಲದೆ ನೆಟ್ಟಗೆ ಏರುವ ಹೊನ್ನೆ ಜಾತಿಯ ಮರ. ಕೆನರಾದ ಹೊನ್ನೆ ಕೂವೆಗಳಿಗೆ 19ನೆಯ ಶತಮಾನದ ಹಡಗುಕಟ್ಟೆಗಳಲ್ಲಿ ಒಳ್ಳೆಯ ಹೆಸರಿತ್ತು. ಹೈದರ್ ಅಲಿ ಮಂಗಳೂರನ್ನು ನೌಕಾಪಡೆಯ ನೆಲೆಯಾಗಿಸಿದ್ದ. 1780ರ ಕೊನೆಯಲ್ಲಿ ಎಡ್ವರ್ಡ್ ಹ್ಯೂಸ್‌ನ ಇಂಗ್ಲಿಷ್ ನೌಕಾಪಡೆ ಇಲ್ಲಿಗೆ ಬಂದು ಅವನ ಹಡಗುಗಳನ್ನು ನಾಶಮಾಡಿತು. ಟಿಪ್ಪು 1796ರಲ್ಲಿ 40 ಹೊಸ ಯುದ್ಧಹಡಗುಗಳ ಯೋಜನೆ ಹಾಕಿದಾಗಲೂ ಮಂಗಳೂರನ್ನು, ಮಿರ್ಜಾನಿನ ಬಳಿಯ ನೆಲೆಯನ್ನು ಹಡಗುಕಟ್ಟೆಗಳಾಗಿ ಆರಿಸಿಕೊಂಡ. ಬೋಳೂರಿನಲ್ಲಿ ಗುರುಪುರ ನದಿಯ ದಂಡೆಗಿರುವ ಸುಲ್ತಾನ್ ಬತ್ತೇರಿ, ಶತ್ರು ಹಡಗುಗಳು ನದಿಯೊಳಗೆ ನುಗ್ಗದಂತೆ ಕಾಯಲು ಅವನು ಕಟ್ಟಿಸಿದ ಕಾವಲುಗೋಪುರ.

ಉಪ್ಪುನೀರಿನಲ್ಲಿ ಮರದ ದೊಡ್ಡ ಶತ್ರು ಹಡಗುಹುಳು. ಹುಳುವಿನಂತೆ ಕಂಡರೂ ಅದು ಚಿಪ್ಪುಮೀನಿನ ಬಳಗದ್ದು. ತಲೆಯ ಪುಟ್ಟ ಚಿಪ್ಪುಗಳಿಂದ ಮರವನ್ನು ಕೊರೆದು ಒಳಗೇ ಬಾಳುತ್ತದೆ. ಸುಣ್ಣ ಮತ್ತು ಕೊಬ್ಬು ಬೆರೆಸಿ ತಳಕ್ಕೆ ಬಳಿಯುವುದು, ಹಲಗೆಯ ಸಂದಿಗೆ ಹತ್ತಿ ಮತ್ತು ಧೂಪದ ಮರದ ರಾಳ ತುಂಬುವುದು, ಮೇಲಿನ ಮೈಗೆ ಮೀನೆಣ್ಣೆ ತಿಕ್ಕುವುದು ಇದಕ್ಕೆ ಹಳೆಯ ಉಪಾಯಗಳು. ಉಪ್ಪಿನಂಶ ತೀರಾ ಇಳಿದ ನೀರಿನಲ್ಲಿ ಈ ಹುಳು ಬಾಳದು. ಮಳೆಗಾಲದಲ್ಲಿ ಮಂಗಳೂರಿನ ಅಳಿವೆ ಹೆಚ್ಚುಕಡಿಮೆ ಸಿಹಿನೀರಾಗುವುದರಿಂದ ನದಿಯೊಳಗಿನ ಬಿಡುವು ಒಡಲಿಗೂ ಒಳ್ಳೆಯದೇ.

ಗಾಳಿ ಹಡಗನ್ನು ವಾಲಿಸುತ್ತದೆ. ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ತೂಕದ ಹಂಚಿಕೆ. ಹಡಗು ವಾಲಿದಾಗ ನೀರು ಮೇಲಕ್ಕೆ ಒತ್ತುವ ಬಿಂದು ವಾಲಿದ ಬದಿಗೆ ಸರಿಯುತ್ತದೆ. ಭಾರವೆಲ್ಲ ತಳದಲ್ಲಿದ್ದರೆ ಈ ಒತ್ತು ಮತ್ತು ಭಾರ ಸೇರಿ ಹಡಗನ್ನು ಹಿಂದಕ್ಕೆ ತಿರುಗಿಸುತ್ತವೆ. ಭಾರ ಮೇಲಿದ್ದರೆ ಮಗುಚುತ್ತವೆ. ಆದ್ದರಿಂದ ಅಕ್ಕಿಮೂಟೆ, ಹಂಚು, ಕಲ್ಲು ತಳಕ್ಕೆ. ಹುರಿ, ಕೊಬ್ಬರಿಯಂಥ ಹಗುರ ಸರಕು ಮೇಲಕ್ಕೆ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಇಂಥ ಹಡಗುಗಳಿಗೆ ಹದವಾದ ಸರಕಾಯಿತು. ಆ ಮಿಷನ್ನಿನ ಮೊದಲ ಮೂವರು ಪಾದ್ರಿಗಳು ಇಲ್ಲಿಗೆ ಬಂದದ್ದೂ ಹಾಯಿಹಡಗಿನಲ್ಲೇ. ಆಫ್ರಿಕದ ತುದಿ ಬಳಸಿ, ಮುಂಗಾರು ಮುಗಿದ 1834ರ ಅಕ್ಟೋಬರ್‌ನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಅದೇ ತಿಂಗಳ ಕೊನೆಗೆ ಮಂಗಳೂರು ಸೇರಿದರು.

ಪ್ರಯಾಣಿಕರಿಗೆ ಹೆಚ್ಚು ತೊಂದರೆ ಕೊಡುವುದು ಹೊಯ್ದಾಟ. ಒಳಕಿವಿಯಲ್ಲಿರುವ ಸಮತೋಲದ ಅಂಗ ಅಲುಗಾಟವನ್ನು ಗ್ರಹಿಸುತ್ತದೆ, ಕೋಣೆಯೊಳಗಿನ ಕಣ್ಣು ಎಲ್ಲವೂ ಸ್ಥಿರ ಎನ್ನುತ್ತದೆ. ಈ ಎರಡು ಸುದ್ದಿಗಳು ಹೊಂದದಿದ್ದಾಗ ಹೊಟ್ಟೆ ತೊಳಸುತ್ತದೆ. ಸುಮಾರು ಐದು ಸೆಕೆಂಡಿಗೊಮ್ಮೆ ಏರಿಳಿಯುವ ಚಲನೆ ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಹಡಗಿನ ನಡುಭಾಗದಲ್ಲಿ ಏರಿಳಿತ ಕಡಿಮೆ. ಹೊರಗೆ ಬಂದು ದಿಗಂತವನ್ನು ನೋಡುತ್ತಿದ್ದರೆ ಕಣ್ಣು, ಕಿವಿಗಳ ಸುದ್ದಿ ಒಂದಾಗುತ್ತದೆ. ತುಂಬಿದ ಹಾಯಿಯಿಂದಲೂ ಒಂದು ಲಾಭವಿದೆ: ಗಾಳಿಯ ಒತ್ತಡ ಹಡಗನ್ನು ಒಂದೇ ಬದಿಗೆ ವಾಲಿಸಿ ಹಿಡಿಯುವುದರಿಂದ ಅತ್ತಿತ್ತ ತೂಗುವುದು ತಗ್ಗುತ್ತದೆ. ಗಾಳಿ ಸತ್ತು ಅಲೆ ಮಾತ್ರ ಉಳಿದಾಗಲೇ ಹಾಯಿಹಡಗು ಅತಿ ಹೆಚ್ಚು ತೂಗಾಡುವುದು.

ದಾರಿ ಕಾಣುವುದು

ನೆಲ ಮರೆಯಾದ ಮೇಲೆ ನಾವಿಕನಿಗೆ ಆಕಾಶವೇ ನಕ್ಷೆ. ಧ್ರುವನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿ ಕಾಣುತ್ತದೋ ಅದೇ ಹೆಚ್ಚುಕಡಿಮೆ ಆ ಸ್ಥಳದ ಅಕ್ಷಾಂಶ. ಮಂಗಳೂರಿನಲ್ಲಿ ಅದು ಸುಮಾರು 13 ಡಿಗ್ರಿ. ಅರಬ್ಬಿ ಸಮುದ್ರದ ನಾವಿಕರು ಇದನ್ನು ಅಳೆಯಲು ‘ಕಮಾಲ್’ ಎಂಬ ಸರಳ ಸಾಧನ ಬಳಸುತ್ತಿದ್ದರು: ಒಂದು ಪುಟ್ಟ ಹಲಗೆ, ಅದರ ನಡುವಿನಿಂದ ಹೊರಟ ಗಂಟುಗಳಿರುವ ದಾರ. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಗಿನ ಅಂಚು ದಿಗಂತಕ್ಕೂ ಮೇಲಿನ ಅಂಚು ನಕ್ಷತ್ರಕ್ಕೂ ತಾಗುವಂತೆ ಹಿಡಿದು, ಯಾವ ಗಂಟು ಹಲ್ಲಿಗೆ ಬಂತೆಂದು ನೋಡಿದರೆ ಅಕ್ಷಾಂಶ ತಿಳಿಯುತ್ತದೆ. ಅಳತೆಯ ಮಾನ ಬೆರಳು. ಒಂದು ಬೆರಳು ಎಂದರೆ ಸುಮಾರು 1.6 ಡಿಗ್ರಿ. ಬೇಕಾದ ಬಂದರಿನ ಗಂಟು ಸಿಗುವವರೆಗೆ ಉತ್ತರಕ್ಕೋ ದಕ್ಷಿಣಕ್ಕೋ ಹೋಗಿ, ಆಮೇಲೆ ಅದೇ ಎತ್ತರವನ್ನು ಕಾಯ್ದುಕೊಂಡು ಪೂರ್ವಕ್ಕೆ ಸಾಗಿದರೆ ಬಂದರು ಎದುರಾಗುತ್ತದೆ. ಲಕ್ಷದ್ವೀಪದ ನಾವಿಕರು ಇಂಥ ನಕ್ಷತ್ರದ ಲೆಕ್ಕಗಳನ್ನು ‘ರಹಮಾನಿ’ ಎಂಬ ಕೈಪಿಡಿಗಳಲ್ಲಿ ಬರೆದಿಟ್ಟುಕೊಂಡಿದ್ದರು.

ನೆಲ ಹತ್ತಿರವಾದ ಗುರುತುಗಳೂ ಹಲವು. ನೀರಿನ ಬಣ್ಣ ಬದಲಾಗುತ್ತದೆ, ಕಡಲಹಾವುಗಳು ಕಾಣಿಸುತ್ತವೆ. ಭಾರತದ ತೀರ ಸಮೀಪಿಸಿದ್ದಕ್ಕೆ ಈ ಹಾವುಗಳೇ ಸಾಕ್ಷಿ ಎಂದು ಒಂದನೆಯ ಶತಮಾನದ ಗ್ರೀಕ್ ಕೈಪಿಡಿ ‘ಪೆರಿಪ್ಲಸ್’ ಹೇಳುತ್ತದೆ. ಮಂಗಳೂರಿಗೆ ಬರುವವರಿಗೆ ಎಲ್ಲಕ್ಕಿಂತ ಮೊದಲು ಕಾಣುವುದು ಘಟ್ಟದ ಗೆರೆ. ಕುದುರೆಮುಖ ಶಿಖರದ ಎತ್ತರ ಸುಮಾರು 1,890 ಮೀಟರ್. ಭೂಮಿಯ ಬಾಗನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಅಷ್ಟು ಎತ್ತರದ ತುದಿ ಸುಮಾರು 155 ಕಿಲೋಮೀಟರ್ ದೂರದವರೆಗೆ ದಿಗಂತದ ಮೇಲಿರುತ್ತದೆ. ಶಿಖರ ಕಡಲಿನಿಂದ ಐವತ್ತು ಚಿಲ್ಲರೆ ಕಿಲೋಮೀಟರ್ ಒಳಗಿದೆ. ಆದ್ದರಿಂದ ಮಳೆ ತೊಳೆದ ಸೆಪ್ಟೆಂಬರಿನ ತಿಳಿ ಹವೆಯಲ್ಲಿ ತೀರ ಇನ್ನೂ 100 ಕಿಲೋಮೀಟರ್ ದೂರವಿರುವಾಗಲೇ ಅದು ಗೋಚರಿಸಬಲ್ಲದು. ಕುದುರೆಯ ಮುಖದಂಥ ಆ ಆಕಾರ ನಾವಿಕರಿಗೆ ತಾವು ಎಲ್ಲಿದ್ದೇವೆಂದು ಹೇಳುತ್ತಿತ್ತು. ಹತ್ತಿರ ಬಂದ ಮೇಲೆ ದೀಪಸ್ತಂಭಗಳು. ಕಾಪುವಿನದು 1901ರಿಂದ ಬೆಳಗುತ್ತಿದೆ.

ಮಂಜಿಯ ದಾರಿ

ಮಂಗಳೂರಿನ ನೈಋತ್ಯಕ್ಕೆ ಸುಮಾರು 300 ಕಿಲೋಮೀಟರ್ ದೂರದಲ್ಲಿ ಅಮಿನಿ ದ್ವೀಪವಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಸೇರಿದ ಅಮಿನ್‌ದೀವಿ ದ್ವೀಪಗಳ ಆಡಳಿತ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ದ್ವೀಪದವರು ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದ ಓಡಂಗಳಲ್ಲಿ ಹುರಿ, ಕೊಬ್ಬರಿ, ಬೆಲ್ಲ ತಂದು, ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದರು. ಮೊಳೆಯಿಲ್ಲದೆ ಹೊಲಿದ ಒಡಲು ಅಲೆಯ ಏಟಿಗೆ ಸ್ವಲ್ಪ ಬಾಗಿ ಕೊಡುತ್ತದೆ. ಹವಳದ ದಿಬ್ಬಕ್ಕೆ ತಗುಲಿದರೂ ಬೇಗ ಬಿರಿಯುವುದಿಲ್ಲ. ಐದು ನಾಟ್ ವೇಗ ಸಿಕ್ಕರೆ ಈ ದಾರಿ ಒಂದೂವರೆ ದಿನದ್ದು. ಗಾಳಿ ಬಿದ್ದರೆ ವಾರವೂ ಆಗಬಹುದಿತ್ತು.

ಹಡಗಿನ ವೇಗಕ್ಕೊಂದು ಮಿತಿಯನ್ನು ನೀರೇ ಹಾಕುತ್ತದೆ. ಸಾಗುವ ಒಡಲು ತನ್ನದೇ ಅಲೆಯನ್ನು ಎಬ್ಬಿಸುತ್ತದೆ. ವೇಗ ಏರಿದಂತೆ ಆ ಅಲೆ ಉದ್ದವಾಗುತ್ತ ಹಡಗಿನ ಉದ್ದಕ್ಕೆ ಸಮವಾದಾಗ, ಹಡಗು ತಾನೇ ಎಬ್ಬಿಸಿದ ಅಲೆಯ ಏರನ್ನು ಹತ್ತಬೇಕಾಗುತ್ತದೆ. ನೀರಿನ ಮಟ್ಟದಲ್ಲಿ 20 ಮೀಟರ್ ಉದ್ದವಿರುವ ಮಂಜಿಗೆ ಈ ಮಿತಿ ಸುಮಾರು 11 ನಾಟ್. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಎಂಜಿನ್ ಬಂದದ್ದರಿಂದ ಈ ಗರಿಷ್ಠ ವೇಗ ಬದಲಾಗಲಿಲ್ಲ. ಗಾಳಿಗಾಗಿ ಕಾಯುವ ದಿನಗಳು ಮಾತ್ರ ಉಳಿತಾಯವಾದವು. ವ್ಯಾಪಾರಿಗೆ ಅದೇ ದೊಡ್ಡ ಲಾಭ. 1907ರಲ್ಲಿ ರೈಲು, ಆಮೇಲೆ ರಸ್ತೆ ಸೇತುವೆಗಳು, 1975ರಲ್ಲಿ ಪಣಂಬೂರಿನ ಆಳದ ಹೊಸ ಬಂದರು ಬಂದ ಮೇಲೆ ಮುಂಬಯಿ ದಾರಿಯ ಹಾಯಿಹಡಗುಗಳು ಮರೆಯಾದವು. ಲಕ್ಷದ್ವೀಪಕ್ಕೆ ಸಿಮೆಂಟು, ಜಲ್ಲಿ, ಮರಳು, ತರಕಾರಿ ಒಯ್ಯುವ ಮಂಜಿಗಳು ಮಾತ್ರ ಹಳೆ ಬಂದರಿನಲ್ಲಿ ಉಳಿದಿವೆ. ಸರ್ಕಾರಿ ದಾಖಲೆಯಲ್ಲಿ ಅವುಗಳ ಹೆಸರು ಈಗಲೂ ಯಾಂತ್ರೀಕೃತ ಹಾಯಿಹಡಗು.

ಇಂದಿನ ಹಾಯಿಪಯಣ

ಸರಕು ಸಾಗಣೆಯಿಂದ ಹೊರಬಿದ್ದ ಹಾಯಿ ಇಂದು ಬಾಳುತ್ತಿರುವುದು ಕಲಿಕೆ ಮತ್ತು ವಿಹಾರಕ್ಕಾಗಿ. ಗೋವಾ ಶಿಪ್‌ಯಾರ್ಡ್ ಕಟ್ಟಿದ, 1997ರ ನವೆಂಬರ್ 11ರಂದು ನೌಕಾಪಡೆ ಸೇರಿದ 54 ಮೀಟರ್ ಉದ್ದದ ತರಂಗಿಣಿಗೆ ಮೂರು ಕೂವೆ. ಮುಂದಿನ ಎರಡರಲ್ಲಿ ಹಿಂಗಾಳಿಗೆ ಹೊಂದುವ ಚೌಕ ಹಾಯಿ, ಹಿಂದಿನದರಲ್ಲಿ ಬದಿಗಾಳಿಗೆ ಹೊಂದುವ ಹಾಯಿ. 2003–04ರಲ್ಲಿ ಅದು ಭೂಮಿಯನ್ನು ಸುತ್ತಿಬಂತು. ಅದೇ ವಿನ್ಯಾಸದ ಸುದರ್ಶಿನಿ 2012ರಲ್ಲಿ ಸೇರಿಕೊಂಡಿತು. ರಾಡಾರ್, ಉಪಗ್ರಹಗಳ ಕಾಲದಲ್ಲೂ ನೌಕಾಪಡೆ ಕೆಡೆಟ್‌ಗಳನ್ನು ಈ ಹಡಗುಗಳ ಕೂವೆ ಹತ್ತಿಸುವುದಕ್ಕೆ ಕಾರಣವಿದೆ. ಗಾಳಿ, ಅಲೆ, ಒಳಹರಿವುಗಳ ಪ್ರಭಾವ ಹಾಯಿಹಡಗಿನಲ್ಲಿ ಮೈಗೆ ತಾಗುವಷ್ಟು ನೇರವಾಗಿ ಬೇರೆಲ್ಲೂ ತಾಗದು.

ಹುರಿಯಿಂದ ಹೊಲಿದ ಹಡಗಿನ ವಿದ್ಯೆಯೂ ಮರುಹುಟ್ಟು ಪಡೆದಿದೆ. ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ ಗೋವಾದಲ್ಲಿ ಕೇರಳದ ಕುಶಲಕರ್ಮಿಗಳು ಹೊಲಿದ ಕೌಂಡಿನ್ಯ, 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿತು. ಅದರ ಹಾಯಿಗಳ ಮೇಲೆ ಗಂಡಭೇರುಂಡ ಮತ್ತು ಸೂರ್ಯನ ಚಿತ್ರಗಳಿವೆ. ಎಂಜಿನ್ ಇಲ್ಲದ, ಚುಕ್ಕಾಣಿಯ ಬದಲು ಹುಟ್ಟುಗಳಿಂದ ದಿಕ್ಕು ತಿರುಗಿಸುವ ಈ ಹಡಗು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಮಸ್ಕತ್‌ನತ್ತ ಹೊರಟಿತು. ತಿಂಗಳ ಆಯ್ಕೆ ಪ್ಲಿನಿಯ ಕಾಲದ್ದೇ.

ವಿಹಾರಕ್ಕೆಂದೇ ನಡೆಯುವ ದೊಡ್ಡ ಹಾಯಿಹಡಗುಗಳು ಹೊರದೇಶಗಳಲ್ಲಿವೆ. 2000ದಲ್ಲಿ ಸಿದ್ಧವಾದ ರಾಯಲ್ ಕ್ಲಿಪ್ಪರ್ ಐದು ಕೂವೆಗಳ, 42 ಹಾಯಿಗಳ, 134 ಮೀಟರ್ ಉದ್ದದ ಹಡಗು. ಇನ್ನೂರಕ್ಕೂ ಹೆಚ್ಚು ಪ್ರವಾಸಿಗರನ್ನು ಕರೆದೊಯ್ಯುತ್ತದೆ. ಅದೂ ಬೇಸಗೆಯಲ್ಲಿ ಮೆಡಿಟರೇನಿಯನ್ನಿನಲ್ಲಿ, ಚಳಿಗಾಲದಲ್ಲಿ ಚಂಡಮಾರುತದ ಋತು ಮುಗಿದ ಕೆರೀಬಿಯನ್ನಿನಲ್ಲಿ ಓಡುತ್ತ ಗಾಳಿಯ ಕ್ರಮವನ್ನೇ ಅನುಸರಿಸುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಅಂಥ ಪಯಣ ಏರ್ಪಡಿಸುವುದಾದರೆ ಕಾಲವನ್ನು ಹೊಸದಾಗಿ ಹುಡುಕಬೇಕಿಲ್ಲ. ಮುಂಗಾರು ಸರಿದು ಹಿಂಗಾರಿನ ಚಂಡಮಾರುತಗಳ ಭಯ ತಗ್ಗಿದ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಸಮುದ್ರ ಶಾಂತವಾಗಿರುತ್ತದೆ, ನೆಲಗಾಳಿ ಮತ್ತು ಪಡುಗಾಳಿ ನಂಬಿಕೆಗೆ ಅರ್ಹವಾಗಿರುತ್ತವೆ. 2017ರ ನವೆಂಬರ್ ಕೊನೆಗೆ ಎದ್ದ ಓಖಿ, 2021ರ ಮೇ ತಿಂಗಳ ತೌಕ್ತೆ ಚಂಡಮಾರುತಗಳು ಈ ಅವಧಿಯ ಎರಡು ಅಂಚುಗಳಲ್ಲಿರುವ ಅಪಾಯವನ್ನು ತೋರಿಸಿಕೊಟ್ಟಿವೆ. ಹೊರಡುವ ಹೊತ್ತು ನಸುಕು, ಮರಳುವ ಹೊತ್ತು ಮಧ್ಯಾಹ್ನದ ನಂತರ. ಹಾಯಿಯಲ್ಲಿ ಸಾಗುವ ಹಡಗಿಗೆ ಇಂಧನದ ಖರ್ಚಿಲ್ಲ, ಹೊಗೆಯಿಲ್ಲ. ಕಾಯುವ ವ್ಯವಧಾನ ಬೇಕು, ತಲುಪುವ ದಿನವನ್ನು ತುಸು ಸಡಿಲವಾಗಿ ಬಿಡಬೇಕು. ಗಾಳಿಯ ಋತು, ಹೊತ್ತು, ಬಲ ಇವನ್ನು ತಲೆಮಾರುಗಳ ಕಾಲ ಗಮನಿಸಿ ಮಂಗಳೂರಿನ ತಂಡೇಲರು ಕಟ್ಟಿಕೊಂಡ ಲೆಕ್ಕವನ್ನು ಉಪಗ್ರಹದ ಹವಾಮಾನ ವರದಿಗಳು ಇಂದು ಹೆಚ್ಚು ನಿಖರಗೊಳಿಸಿವೆ. ಆ ಲೆಕ್ಕದ ಬುಡ ಮಾತ್ರ ಹಾಗೆಯೇ ಇದೆ.